ಹಿಮದಲ್ಲಿ ಕ್ರಿಸ್ಮಸ್ ಹೇಗಿರುತ್ತೆ?

ಡಿಸೆಂಬರ್ ಬಂತು ಅಂದ್ರೆ ಊರಿಂದ ಫೋನ್ ಮಾಡುವವರೆಲ್ಲ ಇದನ್ನೇ ಕೇಳುತ್ತಾರೆ. "ಅಲ್ಲಿ ಹಿಮ ಬೀಳುತ್ತೆ, ಗ್ರೀಟಿಂಗ್ ಕಾರ್ಡಿನಲ್ಲಿ ಇರೋ ಹಾಗೇ ಕ್ರಿಸ್ಮಸ್, ಅಲ್ವಾ?" ಹೌದು ಅಂದರೆ ಸುಳ್ಳಾಗುತ್ತೆ, ಇಲ್ಲ ಅಂದರೆ ಜಂಬ ಅನ್ನುತ್ತಾರೆ. ಸುಮ್ನೆ 2022ರ ಕತೆ ಹೇಳಿಬಿಡುತ್ತೇನೆ.

ನಾವಿರುವುದು ಅಮೆರಿಕದ ಬಫಲೋ ಹತ್ತಿರ, ಏರಿ ಸರೋವರದ ಪೂರ್ವದ ತುದಿಯಲ್ಲಿ. ಸರೋವರ ಇನ್ನೂ ಹೆಪ್ಪುಗಟ್ಟದೇ ಇರುವಾಗ ಅದರ ಮೇಲೆ ಕೊರೆಯುವ ಗಾಳಿ ಬೀಸಿದರೆ, ಅದು ನೀರಿನ ಪಸೆ ಹೀರಿಕೊಂಡು ಬಂದು ಅಷ್ಟನ್ನೂ ಹಿಮ ಮಾಡಿ ನಮ್ಮ ತಲೆ ಮೇಲೆ ಸುರಿಯುತ್ತೆ. ಆ ವರ್ಷ ಡಿಸೆಂಬರ್ 23ಕ್ಕೆ ಶುರುವಾದದ್ದು ಕ್ರಿಸ್ಮಸ್ ಕಳೆದರೂ ನಿಲ್ಲಲಿಲ್ಲ. ಏರ್‌ಪೋರ್ಟಿನಲ್ಲಿ ಅಳೆದದ್ದೇ 4 ಅಡಿ ದಾಟಿತ್ತು. ಕಾರು ರಸ್ತೆಗೆ ತರಬೇಡಿ ಅಂತ ಆದೇಶ ಬಂತು. ಕಾರಿನೊಳಗೇ ಸಿಕ್ಕಿಕೊಂಡು ಸತ್ತವರೂ ಇದ್ದಾರೆ. ಅದಕ್ಕೇ ಈ ಕಾರ್ಡಿನ ಮಾತು ಬಂದಾಗ ನನಗೆ ಕಸಿವಿಸಿ.

ಟೊರಾಂಟೊದಿಂದ ಅಕ್ಕ, ಬಾವ, ಮಕ್ಕಳು 22ರ ರಾತ್ರಿಯೇ ಬಂದಿದ್ದರು. ಊರಿಂದ ಅಮ್ಮನೂ ಬಂದಿದ್ದರು. 24ರ ಸಂಜೆ ಕರೆಂಟ್ ಹೋಯಿತು, ಜತೆಗೆ ಹೀಟರೂ. ಇದ್ದಬದ್ದ ಕಂಬಳಿಯೆಲ್ಲ ಎಳೆದುಕೊಂಡು ಎಲ್ಲರೂ ಒಂದೇ ಕೋಣೆ ಸೇರಿದೆವು. ಟಿವಿ ಇಲ್ಲ, ಫೋನಿನ ಚಾರ್ಜು ಉಳಿಸಬೇಕು. ಆಗ ಅಕ್ಕನ ಸಣ್ಣ ಮಗಳು, "ಅಜ್ಜಿ, ಅಮ್ಮ ಚಿಕ್ಕವಳಿದ್ದಾಗ ಕ್ರಿಸ್ಮಸ್ಸಿಗೆ ಹಿಮ ಇತ್ತಾ?" ಅಂತ ಕೇಳಿದಳು.

"ಬೆವರು ಇತ್ತು" ಅಂದರು ಅಮ್ಮ.

ಅಲ್ಲಿಂದ ಶುರುವಾಯಿತು ನೋಡಿ. ಮಂಗಳೂರು ಹತ್ತಿರದ ಕಿನ್ನಿಗೋಳಿಯ ಮನೆ, ಸೌದೆ ಒಲೆ, ಬಾಣಲೆ ತುಂಬ ತೆಂಗಿನೆಣ್ಣೆ. ಕುಸ್ವಾರ್ ಅಂದರೆ ಕ್ರಿಸ್ಮಸ್ ತಿಂಡಿಗಳು, ಅದಕ್ಕೆ ವಾರ ಮೊದಲೇ ಮನೆಯವರೆಲ್ಲ ನೆಲದ ಮೇಲೆ ಕೂರಬೇಕು. ಕಿಡಿಯೊ ಮಾಡುವುದು ಮಕ್ಕಳ ಕೆಲಸ: ನೆಲ್ಲಿಕಾಯಿಗಿಂತ ಸಣ್ಣ ಹಿಟ್ಟಿನ ಉಂಡೆ, ಅದನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಎಳೆದರೆ ಗೆರೆಗೆರೆಯಾಗಿ ಹುಳದ ಹಾಗೆ ಸುರುಳಿಯಾಗುತ್ತೆ. ನೂರು ಆಗುವಷ್ಟರಲ್ಲಿ ಬೆರಳು ಕೆಂಪಾಗಿರುತ್ತಿತ್ತು. ಕೊಕ್ಕಿಸಾಂ ಅಂದರೆ ಹೂವಿನ ಆಕಾರದ ಕರಿದ ತಿಂಡಿ, ಅದರ ಅಚ್ಚು ಮಾತ್ರ ನಮಗೆ ಕೊಡುತ್ತಿರಲಿಲ್ಲ. ಅಚ್ಚು ಎಣ್ಣೆಯಲ್ಲಿ ಸರಿಯಾಗಿ ಕಾಯದಿದ್ದರೆ ಹೂವು ಅಚ್ಚನ್ನೇ ಕಚ್ಚಿಕೊಳ್ಳುತ್ತೆ, ಹಾಗೆ ಮುರಿದದ್ದೆಲ್ಲ ನಮ್ಮ ಪಾಲು, ಅದು ಬೇಗ ಮುರಿಯಲಿ ಅಂತ ನಾವು ಕಾಯುತ್ತಿದ್ದೆವು. ಆಮೇಲೆ ತಟ್ಟೆಗೆ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಹಂಚುವುದು. ಮುಂಬೈ ಚಿಕ್ಕಪ್ಪ ರಾತ್ರಿಯಿಡೀ ಬಸ್ಸಲ್ಲಿ ಕೂತು, ಧೂಳು ಮೆತ್ತಿದ ಕೂದಲಲ್ಲೇ ಬಂದಿಳಿಯುತ್ತಿದ್ದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ ತಾನೇ, ಇದು ಅದಕ್ಕೂ ಮೊದಲಿನ ಮಾತು.

ಅಷ್ಟರಲ್ಲಿ ನಕ್ಷತ್ರದ ವಿಷಯ ಬಂತು. ಬಿದಿರಿನ ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಮೇಣದ ಬತ್ತಿ ಇಟ್ಟು ಮಾವಿನ ಮರಕ್ಕೆ ಏರಿಸಿದ ನಕ್ಷತ್ರ ಒಂದು ವರ್ಷ ನಾವು ರಾತ್ರಿಯ ಪೂಜೆಗೆ ಹೊರಟಾಗಲೇ ಧಗ್ ಅಂತ ಉರಿದುಹೋಗಿತ್ತು. ಬತ್ತಿ ಇಟ್ಟದ್ದು ನಾನು ಅಂತ ಅಕ್ಕ. ಅಕ್ಕನೇ ಅಂತ ನಾನು. ಕತ್ತಲಲ್ಲಿ ಇಬ್ಬರೂ ಚೆನ್ನಾಗಿ ಜಗಳವಾಡಿದೆವು, ಮಕ್ಕಳಿಗೆ ಮಜಾ.

ಗ್ಯಾಸ್ ಒಲೆ ಮಾತ್ರ ಕಡ್ಡಿ ಗೀರಿದರೆ ಹೊತ್ತುತ್ತಿತ್ತು. ಅದರಲ್ಲಿ ಕಾಯಿಸಿದ ಟೀ ಕುಡಿದು ಮುಗಿಸಿ ಅಮ್ಮ ಲೋಟ ಕೆಳಗಿಟ್ಟರು. "ಸಾಕು ಮಾಡಿ. ಅದು ನಾನು. ಪೂಜೆಗೆ ಹೊತ್ತಾಯ್ತು ಅಂತ ಬತ್ತಿ ಓರೆಯಾಗಿ ಇಟ್ಟುಬಿಟ್ಟೆ."

ಅಪ್ಪನ ಹತ್ತಿರ ಬೈಸಿಕೊಂಡವರು ಮಾತ್ರ ನಾವಿಬ್ಬರು.

ಕರೆಂಟ್ ಮರುದಿನ ಮಧ್ಯಾಹ್ನ ಬಂತು. ಎರಡು ದಿನ ಅಂತ ಬಂದ ಅಕ್ಕ ಆರು ದಿನ ಉಳಿದಳು. ಈಗಲೂ ನಕ್ಷತ್ರದ ಮಾತು ಬಂದರೆ, "ಅಮ್ಮ ನಿನ್ನನ್ನು ಉಳಿಸೋಕೆ ಹಾಗೆ ಹೇಳಿದ್ದು" ಅಂತಾಳೆ.