ಅಂಬೊಸೆಲಿಯಲ್ಲಿ ಬಬೂನ್‌ಗಳ ಬೆನ್ನು ಹಿಡಿದು

ನೈರೋಬಿಯಿಂದ ಮೊಂಬಾಸಾ ಹೆದ್ದಾರಿಯಲ್ಲಿ ಹೊರಟು ಎಮಾಲಿಯಲ್ಲಿ ಬಲಕ್ಕೆ ಹೊರಳಿದರೆ ಒಟ್ಟು ನಾಲ್ಕು ತಾಸಿನಲ್ಲಿ ಕೆನ್ಯಾದ ಅಂಬೊಸೆಲಿ ರಾಷ್ಟ್ರೀಯ ಉದ್ಯಾನ. ಯೆಲ್ಲೋ ಫೀವರ್ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು. ಚೀಟಿ ಇಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್.

ಇಲ್ಲಿಗೆ ಬರುವವರೆಲ್ಲ ಆನೆಗೆ, ಕಿಲಿಮಂಜಾರೋಗೆ ಕ್ಯಾಮೆರಾ ಹಿಡಿಯುತ್ತಾರೆ. ಹಿಂಡಾಗಿ ಬದುಕುವ ದೊಡ್ಡ ಕೋತಿ ಬಬೂನ್‌ಗೆ ಗಾಡಿ ನಿಲ್ಲಿಸುವವರು ಕಡಿಮೆ. ಬೆಳಗಾಗುತ್ತಲೇ ಹಳದಿ ತೊಗಟೆಯ ಜಾಲಿ ಮರಗಳ ಹತ್ತಿರ ಹೋಗಿ, ಗಾಡಿಯಿಂದ ಇಳಿಯದೆ ಕಾಯಿರಿ. ರಾತ್ರಿ ಮೇಲೆ ಮಲಗಿದ್ದ ಹಿಂಡು ಒಂದೊಂದಾಗಿ ಇಳಿಯುತ್ತದೆ. ಕಪ್ಪು ಕೂದಲಿನ ಮರಿ ತಾಯಿಯ ಹೊಟ್ಟೆಗೆ ಜೋತಿದ್ದರೆ ಅದಕ್ಕಿನ್ನೂ ಕೆಲವೇ ತಿಂಗಳು. ಬಣ್ಣ ಕಂದಿಗೆ ತಿರುಗಿದ್ದು ಬೆನ್ನೇರಿ ಕೂರುತ್ತದೆ. ಆಮೇಲೆ ತಾಯಿಯನ್ನು ನೋಡಿ: ಇನ್ನೊಂದು ಹೆಣ್ಣು ಬಂದಾಗ ಮೇವು ಬಿಟ್ಟು ಸರಿಯುತ್ತಾಳೋ, ತಾಯಿಯ ಮೈಯ ಹೇನು ಹೆಕ್ಕಲು ಯಾರಾದರೂ ಬರುತ್ತಾರೋ? ಹಿಂಡಿನ ಮೇಲುಕೀಳಿನ ಸಾಲಿನಲ್ಲಿ ಹೆಣ್ಣುಮರಿಗೆ ತಾಯಿಯ ಸ್ಥಾನದ ಕೆಳಗಿನ ಮೆಟ್ಟಿಲೇ ಸಿಗುವುದು.

1971ರಿಂದ ಇಲ್ಲಿ ಸಂಶೋಧಕರು ಒಂದೊಂದು ಬಬೂನನ್ನೂ ಮುಖ ನೋಡಿ ಗುರುತಿಸಿ ಹುಟ್ಟುಸಾವು ಬರೆದಿಡುತ್ತಿದ್ದಾರೆ. 2016ರಲ್ಲಿ 196 ಹೆಣ್ಣುಗಳ ಲೆಕ್ಕ ತೆಗೆದರು. ಎಣಿಸಿದ್ದು ಬಾಲ್ಯದ ಆರು ಕಷ್ಟ: ಮೊದಲ ವರ್ಷದ ಬರ, ಕಿಕ್ಕಿರಿದ ಹಿಂಡು, ತಾಯಿಯ ಕೆಳ ಸ್ಥಾನ, ತಾಯಿಯ ಒಂಟಿತನ, ತಾಯಿಯ ಸಾವು, ಬೆನ್ನಿಗೇ ಹುಟ್ಟಿದ ತಮ್ಮನೋ ತಂಗಿಯೋ. ಮೂರು ಅಥವಾ ಹೆಚ್ಚು ಕಂಡವು, ಒಂದನ್ನೂ ಕಾಣದ ಅಥವಾ ಒಂದೇ ಕಂಡವುಗಳಿಗಿಂತ ಸುಮಾರು ಹತ್ತು ವರ್ಷ ಮೊದಲು ಸತ್ತಿದ್ದವು. ಇವು ಮರಿಯಾಗಿ ಸತ್ತವಲ್ಲ, ಬದುಕಿ ದೊಡ್ಡವಾದವು.

ಮೈಯೊಳಗಿನ ಲೆಕ್ಕ ಸಿಗುವುದು ಲದ್ದಿಯಲ್ಲಿ. ರಕ್ತಕ್ಕೆಂದು ಅರಿವಳಿಕೆ ಸೂಜಿ ಹೊಡೆದರೆ ಆ ಗಾಬರಿಗೇ ಒತ್ತಡದ ಹಾರ್ಮೋನು ಏರೀತು. ಲದ್ದಿ ಹಿಂದಿನ ಹಲವು ತಾಸುಗಳ ಸರಾಸರಿ ಹೇಳುತ್ತದೆ. ಯಾವ ಪ್ರಾಣಿ ಹಾಕಿತೆಂದು ಕಣ್ಣಾರೆ ಕಂಡದ್ದನ್ನು ಮಾತ್ರ ಎತ್ತಿ, ಚೆನ್ನಾಗಿ ಕಲಸಿ, 95% ಎಥನಾಲ್‌ನಲ್ಲಿ ಹಾಕುತ್ತಾರೆ. ನೈರೋಬಿಯಲ್ಲಿ ಅದನ್ನು ಒಣಗಿಸಿ, ಜರಡಿ ಹಿಡಿದು ನಾರು ತೆಗೆಯುತ್ತಾರೆ. ಎಥನಾಲ್‌ನಲ್ಲಿ ಎಷ್ಟು ದಿನ ಉಳಿಯಿತೆಂಬುದರ ಮೇಲೂ ಹಾರ್ಮೋನಿನ ಅಳತೆ ಬದಲಾಗುತ್ತದೆ, ಹಾಗಾಗಿ ತಾರೀಖು ಬರೆಯದ ಸೀಸೆ ದಂಡ. ಬಾಲ್ಯದಲ್ಲಿ ಹೆಚ್ಚು ನೊಂದ ಹೆಣ್ಣುಗಳಲ್ಲಿ ಒತ್ತಡದ ಹಾರ್ಮೋನು ದೊಡ್ಡವಾದ ಮೇಲೂ ಮೇಲೇ ಇತ್ತು. ಗೆಳತಿಯರಿದ್ದರೆ ಇಳಿದೀತೆಂಬ ಊಹೆಗೆ ಅಲ್ಲಿ ಹೆಚ್ಚು ಬಲ ಸಿಗಲಿಲ್ಲ.

ಹತ್ತರ ಹೊತ್ತಿಗೆ ಹಿಂಡು ದೂಳಿನ ಬಯಲಿಗೆ ಚದುರುತ್ತದೆ. ದುರ್ಬೀನಿನಲ್ಲಿ ಮರಿಯೊಂದು ಸಿಕ್ಕಿತೆನ್ನಿ: ಅದರ ತಾಯಿ ಎಳವೆಯಲ್ಲೇ ತನ್ನ ತಾಯಿಯನ್ನು ಕಳೆದುಕೊಂಡಿದ್ದರೆ, ಈ ಮರಿ ನಾಲ್ಕು ವರ್ಷ ದಾಟುವ ಸಾಧ್ಯತೆಯೂ ಕಡಿಮೆ.