ಹೈಕೋರ್ಟಿಗೆ ಹೋದರೆ ಕೇಸು ಮೊದಲಿಂದ ನಡೆಯುತ್ತಾ?

ಇಲ್ಲ. ಸಿವಿಲ್ ದಾವೆ ಸೋತವರೂ ಕೇಳುತ್ತಾರೆ, ಸೋಲುವ ಭಯ ಇರುವವರೂ ಕೇಳುತ್ತಾರೆ. "ಇಲ್ಲಿ ಹೋದ್ರೆ ಹೋಗ್ಲಿ, ಹೈಕೋರ್ಟಲ್ಲಿ ನೋಡ್ಕೊಳ್ಳೋಣ" ಅನ್ನುವ ಮಾತು ಕೇಳಿದರೆ ಮಾತ್ರ ನನಗೆ ಸಿಟ್ಟೇ ಬರುತ್ತದೆ. ಅದನ್ನು ನಂಬಿ ಎದುರಿನ ಸಾಕ್ಷಿಯನ್ನು ಪ್ರಶ್ನಿಸುವ ಪಾಟೀಸವಾಲು ಬಿಟ್ಟವರು, ಕಾಗದ ಹಾಜರುಪಡಿಸದೆ ಕೂತವರು ಜಮೀನು ಕಳೆದುಕೊಳ್ಳುತ್ತಾರೆ.

ಮೇಲ್ಮನವಿಯಲ್ಲಿ ನಿಮ್ಮ ಸಾಕ್ಷಿಗಳನ್ನು ಮತ್ತೆ ಕಟಕಟೆಗೆ ಹತ್ತಿಸುವುದಿಲ್ಲ. ಕೆಳಗಿನ ಕೋರ್ಟಿನ ಕಡತ ತರಿಸಿ ಓದುತ್ತಾರೆ. ಮೊದಲ ಮೇಲ್ಮನವಿಯಾದರೆ ಸಾಕ್ಷ್ಯವನ್ನೂ ಕಾನೂನನ್ನೂ ತೂಗುತ್ತಾರೆ. ಕೆಳಗೆ ಒಂದು ಮೇಲ್ಮನವಿ ಮುಗಿಸಿಕೊಂಡು ಬಂದಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಂತೆ ಗಣನೀಯ ಕಾನೂನು ಪ್ರಶ್ನೆ ಇರಲೇಬೇಕು. "ಅವರ ಸಾಕ್ಷಿ ಸುಳ್ಳು ಹೇಳಿದ" ಅನ್ನುವುದು ಅಂಥ ಪ್ರಶ್ನೆಯಲ್ಲ. ಹೊಸ ದಾಖಲೆಗೆ ಅದೇ ಸಂಹಿತೆಯ 41ನೇ ಆದೇಶದ 27ನೇ ನಿಯಮದಡಿ ಅರ್ಜಿ ಹಾಕಿ, ಎಷ್ಟು ಹುಡುಕಿದರೂ ಆಗ ಸಿಕ್ಕಿರಲಿಲ್ಲ ಎಂದು ತೋರಿಸಬೇಕು. ಮನೆಯ ಬೀರುವಿನಲ್ಲೇ ಇದ್ದ ಕ್ರಯಪತ್ರಕ್ಕೆ ಏನೆಂದು ಹೇಳುತ್ತೀರಿ?

ಹಾಗಾದರೆ ಹೈಕೋರ್ಟ್ ಯಾಕಿದೆ? ಮೇಲ್ಮನವಿ ಅದರ ಅರ್ಧ ಕೆಲಸ. ಇನ್ನೊಂದು ಕೆಲಸ ರಿಟ್, ಅಂದರೆ ಸರ್ಕಾರಕ್ಕೂ ಅಧಿಕಾರಿಗಳಿಗೂ ಕೋರ್ಟು ನೇರವಾಗಿ ಕೊಡುವ ಆದೇಶ. 1861ರ ಕಾಯ್ದೆಯಿಂದ 1862ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸಿನಲ್ಲಿ ಹೈಕೋರ್ಟುಗಳಾದವು. ಬ್ರಿಟಿಷ್ ಭಾರತದಲ್ಲಿ ರಿಟ್ ಹೊರಡಿಸುವ ಅಧಿಕಾರ ಈ ಮೂರಕ್ಕಷ್ಟೇ ಇತ್ತು. 1950ರಲ್ಲಿ ಸಂವಿಧಾನದ 226ನೇ ವಿಧಿ ಅದನ್ನು ಎಲ್ಲ ಹೈಕೋರ್ಟುಗಳಿಗೂ ಕೊಟ್ಟಿತು. ಸುಪ್ರೀಂ ಕೋರ್ಟಿಗೆ 32ನೇ ವಿಧಿಯಡಿ ನೇರವಾಗಿ ಹೋಗಬಹುದಾದದ್ದು ಮೂಲಭೂತ ಹಕ್ಕಿಗೆ ಮಾತ್ರ. ಹೈಕೋರ್ಟಿನಲ್ಲಿ ಉಳಿದ ಕಾನೂನುಬದ್ಧ ಹಕ್ಕಿಗೂ ರಿಟ್ ಹಾಕಬಹುದು. ತಹಶೀಲ್ದಾರರು ಅಧಿಕಾರ ಮೀರಿ ಆದೇಶ ಮಾಡಿದರೆ ನಮ್ಮಂಥವರಿಗೆ ಇದಕ್ಕಿಂತ ಗಟ್ಟಿ ಆಸರೆ ಇನ್ನೊಂದಿಲ್ಲ. ಹಾಗೆಂದು ಇಲಾಖೆಯೊಳಗೇ ಮೇಲ್ಮನವಿಗೆ ದಾರಿ ಇದ್ದರೆ ಸಾಮಾನ್ಯವಾಗಿ ಮೊದಲು ಅಲ್ಲಿಗೇ ಹೋಗಿ ಅನ್ನುತ್ತಾರೆ.

ದೂರದ ದೂರು ನ್ಯಾಯವಾದದ್ದೇ. 1956ರ ನಂತರ ಬೀದರಿನವರೂ ಬೆಂಗಳೂರಿಗೇ ಬರಬೇಕಿತ್ತು. ಧಾರವಾಡ, ಕಲಬುರಗಿಯಲ್ಲಿ ಪೀಠ ಕೂತದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ತೀರ್ಪಿನ ನಕಲಿಗೆ ಯಾವತ್ತು ಅರ್ಜಿ ಕೊಡಬೇಕು? ಅವತ್ತೇ, ಕೋರ್ಟಿನಿಂದ ಹೊರಡುವ ಮುಂಚೆ. ಸಿವಿಲ್ ಡಿಕ್ರಿಯ (ತೀರ್ಪಿನಂತೆ ಕೋರ್ಟು ಹೊರಡಿಸುವ ಆದೇಶದ) ಮೇಲೆ ಹೈಕೋರ್ಟಿಗೆ ಹೋಗಲು 90 ದಿನ. ದೃಢೀಕೃತ ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಪಡೆದ ದಿನ ಬರೆದಿರುತ್ತದೆ. ಮೊದಲೆರಡರ ನಡುವಿನ ಅವಧಿ 90ರಲ್ಲಿ ಸೇರುವುದಿಲ್ಲ. ಸಿದ್ಧವಾದ ಮೇಲೆ ನೀವು ತಡ ಮಾಡಿದರೆ ಆ ದಿನಗಳು ನಿಮ್ಮ ಲೆಕ್ಕಕ್ಕೇ. ನಕಲಿನ ಶುಲ್ಕ ಕಟ್ಟದೆ ಬಿಟ್ಟ ದಿನಗಳೂ ಹಾಗೆಯೇ. 90 ದಿನ ಕಳೆದ ಮೇಲೆ ನಕಲು ಕೇಳಿದರೆ ಒಂದು ದಿನವನ್ನೂ ಲೆಕ್ಕದಿಂದ ಬಿಡುವುದಿಲ್ಲ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದೂ ಇಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಬೇಕು, ಆದೇಶ ಕೈಗೆ ಸಿಗಬೇಕು. ಅಷ್ಟರವರೆಗೆ ಎದುರಿನವರು ಅಮಲ್ಜಾರಿ (ಡಿಕ್ರಿಯ ಜಾರಿ) ನಡೆಸಿ ಸ್ವಾಧೀನ ತೆಗೆದುಕೊಳ್ಳಬಹುದು.