ತಮ್ಮನ ಮನೆ ಫಿಲ್ಟರ್

ಇವತ್ತು ತಮ್ಮ ಜರ್ಮನಿಯಿಂದ ವಿಡಿಯೋ ಕಾಲ್ ಮಾಡಿ, ಮನೆಯ ಗಾಳಿ ಮಷಿನ್‌ನಿಂದ ತೆಗೆದ ಹಳೇ ಫಿಲ್ಟರ್ ತೋರಿಸಿದ. ಎರಡಿದ್ದವು. ಹೊರಗಿನ ಗಾಳಿ ಒಳಗೆ ಬರೋ ಕಡೆಯದು ಮಸಿ ಹಿಡಿದು ಕಪ್ಪಗಾಗಿತ್ತು, ಮಡಿಕೆಗಳ ನಡುವೆ ಯಾವುದೋ ಹುಳದ ರೆಕ್ಕೆ ಬೇರೆ. ಒಳಗಿನ ಗಾಳಿ ಹೊರಗೆ ಹೋಗೋ ಕಡೆಯದರಲ್ಲಿ ಬರೀ ಬೂದು ಬಣ್ಣದ ಬಟ್ಟೆ ಜುಂಗು.

ಚಳಿಯಲ್ಲಿ ಕಿಟಕಿ ತೆರೆದರೆ ಹೀಟರ್ ಬಿಸಿಯೆಲ್ಲ ಹೋಗುತ್ತೆ ಅಲ್ವಾ, ಅದಕ್ಕೆ ಈ ಮಷಿನ್ ಹೊರಗೆ ಹೋಗೋ ಗಾಳಿಯ ಬಿಸಿಯನ್ನು ಒಳಗೆ ಬರೋ ತಣ್ಣನೆ ಗಾಳಿಗೆ ದಾಟಿಸುತ್ತೆ, ಎರಡೂ ಬೆರೆಯದ ಹಾಗೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಸದ್ದು ಜಾಸ್ತಿ.

"ಜಾಡಿಸಿ ಹಾಕಿದ್ರ ಆಗೂದಿಲ್ಲೇನೋ?" ಅಂದಳು ಅವ್ವ. ಇಲ್ಲವಂತೆ, ಹೊಸದೇ ಬೇಕಂತೆ.

ನನಗೆ ಅಂಥ ಫಿಲ್ಟರೊಂದನ್ನ ವಿಜಯಪುರಕ್ಕೆ ತಂದು, ಜೋಳದ ರಾಶಿಯ ಧೂಳು ಏಳೋ ಟೈಮಿಗೆ ನಮ್ಮ ಓಣಿಯಲ್ಲಿ ಹಚ್ಚಿ ನೋಡೋ ಆಸೆ.